ಊರ ಗಂಟಿಗೆ ಕಾವಲು ಕೂತವನ ಅನುಭವ

ಚಳ್ಳಕೆರೆ ಸೀಮೆಯವನು ನಾನು. ಏಳೆಕರೆ ಖುಷ್ಕಿ ಐತೆ, ಬೋರು ಇಲ್ಲ. ಶೇಂಗಾ ಬಿತ್ತುತ್ತೇನೆ, ಅಕ್ಕಡಿಗೆ ತೊಗರಿ. ಮನೆಯಲ್ಲಿ ಒಂದಿಪ್ಪತ್ತು ಕುರಿ. ಓದಿದ್ದು ಏಳನೇ ಕ್ಲಾಸು. ಇಂಥ ನನ್ನನ್ನು 2019ರಲ್ಲಿ ಸುತ್ತಲ ನಾಲ್ಕು ಹಳ್ಳಿಯವರು ಸೇರಿ ನಮ್ಮ ಟ್ರಸ್ಟಿನ ಮಂಡಳಿಗೆ ಕೂರಿಸಿದರು. ಆರು ವರ್ಷ ಕೂತು 2025ರಲ್ಲಿ ಇಳಿದೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮೂರಲ್ಲೂ ನಾಳೆ ಇಂಥದ್ದು ಹುಟ್ಟಬಹುದು, ನಿಮ್ಮನ್ನೇ ಕೂರಿಸಬಹುದು.

ಟ್ರಸ್ಟು ಹುಟ್ಟಿದ ಬಗೆ

ನಮ್ಮ ಜಿಲ್ಲೆಯಲ್ಲಿ ಸುಜಲಾ ಜಲಾನಯನ ಯೋಜನೆ 2009ಕ್ಕೆ ಮುಗಿಯಿತು. ಆಗ ಗ್ರಾಮ ಸಮಿತಿಗಳಲ್ಲಿ ಕೂತು ಲೆಕ್ಕ, ನಡಾವಳಿ ಬರೆದು ರೂಢಿಯಿದ್ದ ಕೆಲವರು ಊರಲ್ಲಿದ್ದರು. ಯೋಜನೆ ಬರುತ್ತದೆ ಹೋಗುತ್ತದೆ, ಊರಿಗೇ ಒಂದು ಗಂಟು ಇರಲಿ ಅಂತ ಅವರು ಯೋಚಿಸಿದರು. ಮನೆಗಿಷ್ಟು ಎತ್ತಿದರು. ಬೆಂಗಳೂರು ಸೇರಿದ ಊರ ಮಕ್ಕಳೂ ಕೊಟ್ಟರು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಣಿಯಾಯಿತು. ಮೂಲನಿಧಿ ಬ್ಯಾಂಕಿನಲ್ಲಿ ಠೇವಣಿ. ಅದನ್ನು ಮುಟ್ಟುವಂತಿಲ್ಲ, ಬಡ್ಡಿಯಿಂದಲೇ ಕೆಲಸ.

ಇದು ಹೊಸ ಯೋಚನೆಯೇನಲ್ಲ. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನವರು 1914ರಲ್ಲಿ ಊರ ನಿಧಿ ಶುರು ಮಾಡಿದರಂತೆ. ದಾನಿ ಸತ್ತರೂ ದುಡ್ಡು ಉಳಿಯಬೇಕು, ಕಾಲಕ್ಕೆ ತಕ್ಕ ಕೆಲಸಕ್ಕೆ ಅದನ್ನು ಹಚ್ಚಲು ಸ್ಥಳೀಯರ ಸಮಿತಿ ಇರಬೇಕು ಅಂತ. ತರಬೇತಿಗೆ ಹೋದಾಗ ಇದನ್ನು ಕೇಳಿದೆ. ಎಲ್ಲೇ ಆಗಲಿ, ಗಂಟು ಕಾಯುವವರ ಕಷ್ಟ ಒಂದೇ.

ಗೋಕಟ್ಟೆ ಜಗಳ

2022ರ ಬೇಸಿಗೆಯಲ್ಲಿ ಒಂದು ಗೋಕಟ್ಟೆಯ ಹೂಳು ತೆಗೆಸುವಷ್ಟು ದುಡ್ಡಿತ್ತು. ಊರು ನಾಲ್ಕು, ಗೋಕಟ್ಟೆ ನಾಲ್ಕು. ಮಂಡಳಿಯ ಒಂಬತ್ತು ಜನರೂ ತಂತಮ್ಮ ಊರಿಗೇ ಬೇಕು ಅಂತ ಎಳೆದಾಡಿದೆವು. ನಾನೂ ಎಳೆದೆ. ಎರಡು ಸಭೆ ಬರೀ ಮಾತಿನಲ್ಲೇ ಮುಗಿದವು.

ಮೂರನೇ ಸಭೆಯಲ್ಲಿ ನಮ್ಮ ನಿವೃತ್ತ ಮೇಷ್ಟ್ರು, "ಇಲ್ಲಿ ಕೂತು ಕಿರುಚಿದರೆ ನೀರು ಬರಲ್ಲ, ಎದ್ದೇಳಿ" ಅಂದರು. ಬೆಳಿಗ್ಗೆ ಹೊರಟು ಒಂದೇ ದಿನದಲ್ಲಿ ನಾಲ್ಕನ್ನೂ ನೋಡಿದೆವು. ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ದನ, ಕುರಿ ಕುಡಿಯುತ್ತವೆ? ಯಾವ ತಿಂಗಳಿಗೆ ಒಣಗುತ್ತದೆ? ಹೂಳು ಹೊರಲು ಊರವರು ಎತ್ತಿನ ಗಾಡಿ, ಟ್ರ್ಯಾಕ್ಟರು, ಆಳು ಕೊಡುತ್ತಾರಾ? ನೋಡಿ ಬಂದ ಮೇಲೆ ಜಗಳಕ್ಕೆ ಜಾಗವೇ ಇರಲಿಲ್ಲ. ಮೇಲಿನ ಹಟ್ಟಿಯ ಗೋಕಟ್ಟೆ ಸಂಕ್ರಾಂತಿಗೇ ಬತ್ತುತ್ತಿತ್ತು. ಕುರಿ ಹೆಚ್ಚಿದ್ದದ್ದೂ ಅಲ್ಲೇ. ನನ್ನೂರು ಮೂರನೇ ಸ್ಥಾನಕ್ಕೆ ಬಂತು. ನಾನೂ ಹಟ್ಟಿಗೇ ಕೈ ಎತ್ತಿದೆ.

ಊರಿಗೆ ಬಂದರೆ ಕಟ್ಟೆ ಮೇಲೆ ಕೂತವರು, "ನಿನ್ನನ್ನ ಕಳಿಸಿದ್ದು ಯಾಕಪ್ಪಾ? ಬೇರೆ ಊರು ಉದ್ಧಾರ ಮಾಡಾಕಾ?" ಅಂದರು. ತಿಂಗಳುಗಟ್ಟಲೆ ಮೂದಲಿಕೆ ತಿಂದೆ. ಊರು ನನ್ನನ್ನು ಕಳಿಸಿದ್ದು ನಿಜ. ಆದರೆ ಮಂಡಳಿಯಲ್ಲಿ ಕೂತ ಮೇಲೆ ನಾಲ್ಕೂ ಊರಿನ ಆಳು ನಾನು. ಇದು ಕಟ್ಟೆಯವರಿಗೆ ತಿಳಿಯಬೇಕಾದರೆ ಅವರೇ ಹಟ್ಟಿಗೆ ಹೋಗಿ ನೋಡಬೇಕಾಯಿತು. ಇಬ್ಬರನ್ನು ಕರಕೊಂಡು ಹೋಗಿ ತೋರಿಸಿದೆ. ಆಮೇಲೆ ಮಾತು ತಣ್ಣಗಾಯಿತು.

ಬೀಜದ ಚೀಲ ಮತ್ತು ನನ್ನ ತಪ್ಪು

ನಮ್ಮ ಟ್ರಸ್ಟಿನ ಮುಖ್ಯ ಕೆಲಸ ಶೇಂಗಾ ಬೀಜದ್ದು. ಎಕರೆಗೆ ನಲವತ್ತರಿಂದ ಐವತ್ತು ಕಿಲೋ ಕಾಳು ಬೇಕು. ಹೆಚ್ಚುಕಡಿಮೆ ಎರಡು ಚೀಲ ಕಾಯಿ. ಬಿತ್ತನೆ ಹೊತ್ತಿಗೆ ಬೆಲೆ ಏರುತ್ತದೆ, ಸಣ್ಣವರು ಸಾಹುಕಾರರ ಬಾಗಿಲಿಗೆ ಹೋಗಬೇಕು. ಅದಕ್ಕೇ ಟ್ರಸ್ಟು ಸುಗ್ಗಿಯಲ್ಲಿ ಕಾಯಿ ಕೊಂಡು ಸಿಪ್ಪೆ ಸಮೇತ ಇಟ್ಟು ಮುಂಗಾರಿಗೆ ಕೊಡುತ್ತದೆ. ಒಂದು ಚೀಲ ಒಯ್ದವರು ಸುಗ್ಗಿಗೆ ಒಂದೂಕಾಲು ಚೀಲ ತಂದು ಹಾಕಬೇಕು. ಹಿಂದಿನವರ ಪದ್ಧತಿಯೇ ಇದು.

ನಾನೂ ಎಲ್ಲರಂತೆ ವರ್ಷಾ ಒಯ್ಯುತ್ತಿದ್ದೆ, ತಂದು ಹಾಕುತ್ತಿದ್ದೆ. ತಪ್ಪು ಅಂತ ಅನಿಸಿರಲೇ ಇಲ್ಲ. 2023ರಲ್ಲಿ ನಾಲ್ಕು ಚೀಲ ಒಯ್ದೆ. ಆ ವರ್ಷ ಏನಾಯಿತು ನಿಮಗೆಲ್ಲ ಗೊತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ನನ್ನ ಹೊಲದಲ್ಲಿ ಹೂವು ಬಂತು, ಊಡು ಇಳಿಯುವ ಹೊತ್ತಿಗೆ ನೆಲ ಕಲ್ಲಾಗಿತ್ತು. ಬಳ್ಳಿ ಕಿತ್ತು ಕುರಿಗೆ ಹಾಕಿದೆ.

ಅದೇ ಸೆಪ್ಟೆಂಬರಿನಲ್ಲಿ ಲೆಕ್ಕ ನೋಡಲು ಬಂದ ಆಡಿಟರು ಬೀಜದ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಗೆರೆ ಎಳೆದರು. "ನೀವು ಟ್ರಸ್ಟಿ. ಟ್ರಸ್ಟಿನ ದುಡ್ಡಾಗಲಿ ಮಾಲಾಗಲಿ ಟ್ರಸ್ಟಿಗೋ ಅವನ ಹೆಂಡತಿ ಮಕ್ಕಳು, ಅಣ್ಣತಮ್ಮಂದಿರಿಗೋ ಅನುಕೂಲವಾಗಿ ಹೋದರೆ ತೆರಿಗೆ ವಿನಾಯಿತಿಗೆ ಕುತ್ತು ಬರುತ್ತೆ" ಅಂದರು. ನನ್ನ ನಾಲ್ಕು ಚೀಲಕ್ಕೆ ಊರ ಗಂಟಿಗೇ ಕುತ್ತು!

ಮುಂದಿನ ಸಭೆಯಲ್ಲಿ ಬರದ ಸಾಲವೇ ವಿಷಯ. ಒಯ್ದವರಲ್ಲಿ ಮುಕ್ಕಾಲು ಪಾಲು ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಮನ್ನಾ ಮಾಡೋಣ ಅಂದರು ಕೆಲವರು. ಮನ್ನಾ ಮಾಡಿದರೆ ಮುಂದಿನ ಮುಂಗಾರಿಗೆ ಚೀಲ ಖಾಲಿ. ಒತ್ತಾಯ ಮಾಡಿದರೆ ಜನ ಕುರಿ, ಓಲೆ ಮಾರಬೇಕು. ನನಗೆ ಬಾಯಿ ಬರಲಿಲ್ಲ. ಮನ್ನಾ ಅಂದರೆ ನನಗೂ ಲಾಭ. ಮಂಡಳಿಯಲ್ಲಿದ್ದ ಹೆಣ್ಣುಮಗಳೊಬ್ಬಳು ನೇರವಾಗಿ ಅಂದಳು: "ಅಣ್ಣಾ, ನಿನ್ನ ಚೀಲ ಮೊದ್ಲು ಬರ್ಲಿ. ಆಮೇಲೆ ಊರೋರ ಮಾತು ಆಡಾನ. ಈಗ ಹೊರಗೆ ಕುಂತ್ಕ."

ಸಿಟ್ಟು ಬಂತು. ಆದರೆ ಎದ್ದು ಹೊರಗೆ ಕೂತೆ. ವಾರದಲ್ಲಿ ಕುರಿ ಮಾರಿ, ಪೇಟೆಯಿಂದ ಐದು ಚೀಲ ಕಾಯಿ ಕೊಂಡು ತಂದು ಹಾಕಿದೆ. ಮನೆಯವಳು ಎರಡು ದಿನ ಮಾತಾಡಲಿಲ್ಲ.

ಮಂಡಳಿ ಕೊನೆಗೆ ಮಾಡಿದ್ದು ಹೀಗೆ: ಯಾರಿಗೂ ಮನ್ನಾ ಇಲ್ಲ, ಒತ್ತಾಯವೂ ಇಲ್ಲ. ಎಲ್ಲರಿಗೂ ಒಂದು ಬೆಳೆಯ ಗಡುವು, ಕಾಲು ಚೀಲದ ಹೆಚ್ಚಳ ಆ ವರ್ಷಕ್ಕೆ ಬಿಟ್ಟಿತು. ಆ ವರ್ಷದ ಬಡ್ಡಿಯಿಂದ ಬೇರೆ ಕೆಲಸ ನಿಲ್ಲಿಸಿ ಬೀಜವನ್ನೇ ಕೊಂಡರು. ಬಾಕಿಯವರ ಪಟ್ಟಿಯನ್ನು ದೇವಸ್ಥಾನದ ಗೋಡೆಗೆ ಅಂಟಿಸಿದರು. ಮೇಲೆ ನನ್ನ ಹೆಸರು, ಮುಂದೆ "ಸಂದಾಯ" ಎಂದು ಬರೆದಿತ್ತು. 2024ರಲ್ಲಿ ಮಳೆ ಕೈಹಿಡಿಯಿತು. ಸುಗ್ಗಿ ಮುಗಿಯುವಷ್ಟರಲ್ಲಿ ಹತ್ತಾರು ಮನೆ ಬಿಟ್ಟು ಎಲ್ಲರೂ ಚೀಲ ತಂದರು. ಟ್ರಸ್ಟಿನವನೇ ಕುರಿ ಮಾರಿ ತಂದು ಹಾಕಿದ ಮೇಲೆ ನಾವು ಹೇಗೆ ಇಟ್ಟುಕೊಳ್ಳೋದು ಅಂತ ಒಬ್ಬರು ಹೇಳಿದ್ದು ಕಿವಿಯಲ್ಲಿ ಇನ್ನೂ ಐತೆ. ಈಗ ನಮ್ಮಲ್ಲಿ ನಿಯಮವೇ ಆಗಿದೆ, ಮಂಡಳಿಯಲ್ಲಿರುವಷ್ಟು ದಿನ ಬೀಜ ಒಯ್ಯುವಂತಿಲ್ಲ.

ಕೂರುವವರಿಗೆ ನಾಲ್ಕು ಮಾತು

ಓದದೆ ಸಹಿ ಹಾಕಬೇಡಿ. ಆಡಿಟ್ ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ಮೊದಲ ಎರಡು ವರ್ಷ ನಾಚಿಕೆಗೆ ಸುಮ್ಮನೆ ಸಹಿ ಹಾಕಿದೆ. ಆಮೇಲೆ ಕನ್ನಡದಲ್ಲಿ ಒಂದು ಪುಟ ಬರೆದು ಕೊಡಿ ಅಂತ ಕೇಳಿದೆ. ಕೊಟ್ಟರು. ಕೇಳದೆ ಇದ್ದದ್ದೇ ತಪ್ಪು.

ಮೂಲನಿಧಿಗೆ ಕೊಡುವವರಿಂದ "ಇದು ಮೂಲನಿಧಿಗೆ" ಎಂದು ಬರವಣಿಗೆಯಲ್ಲೇ ಪಡೆಯಿರಿ. ಇಲ್ಲದಿದ್ದರೆ ಅದು ಆ ವರ್ಷದ ಆದಾಯದ ಲೆಕ್ಕಕ್ಕೆ ಸೇರುತ್ತದೆ. ವಿನಾಯಿತಿ ಪಡೆದ ಟ್ರಸ್ಟು ಆದಾಯದಲ್ಲಿ ನೂರಕ್ಕೆ 85ರಷ್ಟನ್ನು ಉದ್ದೇಶಿಸಿದ ಕೆಲಸಕ್ಕೆ ಹಚ್ಚಬೇಕು. ಮುಂದಕ್ಕೆ ಕೂಡಿಡಬೇಕಾದರೆ ಅದಕ್ಕೆ ಬೇರೆ ಕ್ರಮ ಇದೆ, ಆಡಿಟರನ್ನು ಮೊದಲೇ ಕೇಳಿ.

ನಿಮ್ಮ ಅಥವಾ ನಿಮ್ಮ ನೆಂಟರ ವಿಷಯ ಬಂದಾಗ ಎದ್ದು ಹೊರಗೆ ಹೋಗಿ. ಹೋದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಅವಧಿ ಮುಗಿದ ಮೇಲೆ ಇಳಿಯಿರಿ. ನನ್ನ ಜಾಗಕ್ಕೆ ಹಟ್ಟಿಯ ಹುಡುಗನೊಬ್ಬ ಬಂದಿದ್ದಾನೆ, ಕುರಿ ಕಾಯುವವನು. ಮೊದಲ ಸಭೆಗೆ ಹೊರಟಾಗ ಬಂದು, "ಏನು ಮಾಡ್ಬೇಕು ದೊಡ್ಡಪ್ಪ?" ಅಂದ. ಹೋಗುವ ಮುಂಚೆ ಬೀಜದ ಪುಸ್ತಕ ತೆಗೆದು ನಿಮ್ಮ ಮನೆಯ ಬಾಕಿ ನೋಡಿಕೋ ಅಂದೆ.