ಕುಡಿತ ಬಿಟ್ಟವಳಿಗೆ ಒಂದು ತವರು

ಬಾಣಂತನಕ್ಕೆಂದು ಬಂದ ಮಗಳನ್ನು ತವರಿನವರು ಮೂರು ತಿಂಗಳು ತುಂಬುವ ತನಕ ಗಂಡನ ಮನೆಗೆ ಕಳಿಸುವುದಿಲ್ಲ. ಅನುಕೂಲವಿದ್ದರೆ ಐದು ತಿಂಗಳು. ಎರೆಯುವ ನೀರು, ಪಥ್ಯದ ಊಟ, ಕಿವಿಗೆ ಹತ್ತಿ, ಮಲಗುವ ಹೊತ್ತು, ಏಳುವ ಹೊತ್ತು ಎಲ್ಲದರ ಮೇಲೂ ಹಿರಿಯಳೊಬ್ಬಳ ಕಣ್ಣಿರುತ್ತದೆ. ‘ಹಸಿ ಮೈ, ಜೋಪಾನ’ ಎನ್ನುತ್ತಾಳೆ. ಆ ಹಿರಿಯಳು ಯಾವ ವೈದ್ಯವನ್ನೂ ಓದಿದವಳಲ್ಲ. ತಾನೂ ಹೆತ್ತವಳು, ಅಷ್ಟೇ ಅವಳ ಅರ್ಹತೆ.

ಕುಡಿತ ಬಿಟ್ಟ ಹೆಂಗಸಿನದೂ ಹಸಿ ಮೈಯೇ. ಆದರೆ ಎಷ್ಟೋ ಸಲ ಅವಳಿಗೆ ತವರಿನ ಬಾಗಿಲು ಮೊದಲೇ ಮುಚ್ಚಿರುತ್ತದೆ. ಆಸ್ಪತ್ರೆಯಿಂದ ಹೊರಬಿದ್ದವಳು ಅದೇ ಓಣಿಗೆ, ಅದೇ ಮನೆಗೆ, ಅದೇ ಚುಚ್ಚುಮಾತಿಗೆ ಮರಳಬೇಕು. ಓಣಿಯ ತಿರುವಿನ ಕಿರಾಣಿ ಅಂಗಡಿಯಲ್ಲಿ ಬೇಳೆ ಡಬ್ಬಿಯ ಹಿಂದೆ ಮದ್ಯದ ಪಾಕೀಟು ಕಾದಿರುತ್ತದೆ. ಆಸ್ಪತ್ರೆಗೂ ಆ ಓಣಿಗೂ ನಡುವೆ ಒಂದು ಮನೆ ಬೇಕು, ಈ ದಾರಿಯನ್ನು ತಾವೇ ನಡೆದು ದಾಟಿದ ಹೆಂಗಸರು ಅಲ್ಲಿರಬೇಕು. ‘ಸೋಬರ್ ಲಿವಿಂಗ್ ಹೋಮ್’ ಎಂದು ಕರೆಯುವುದು ಇಂಥ ಮನೆಯನ್ನೇ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕನ್ನೇ ನೋಡಿ. ಈ ತಾಲ್ಲೂಕಿನಲ್ಲಿ ತುಂಗಭದ್ರೆಯ ಕಾಲುವೆ ಹರಿದಲ್ಲಿ ಭತ್ತ, ಎರೆ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ. ನಾಟಿಯ ಕಾಲಕ್ಕೆ ದಿನವಿಡೀ ಕೆಸರಲ್ಲಿ ಬಗ್ಗಿ ಸಸಿ ಹಚ್ಚಿದ ಹೆಂಗಸರ ಸೊಂಟ ಸಂಜೆಗೆ ನೆಟ್ಟಗಾಗುವುದಿಲ್ಲ. ಇಂಥ ಕೂಲಿಯ ಸೀಮೆಗಳಲ್ಲಿ ಗುಟುಕು ಮೈನೋವಿನ ಮದ್ದಾಗಿಯೇ ಒಳಗೆ ಬರುತ್ತದೆ. ಗಂಡಸು ಕುಡಿದು ಬಿದ್ದರೆ ಊರು ನಾಲ್ಕು ಮಾತು ಬೈದು ಎತ್ತಿ ಮನೆಗೆ ಮುಟ್ಟಿಸುತ್ತದೆ. ಹೆಂಗಸು ಕುಡಿದಳೆಂದರೆ ಅವಳ ನಡತೆಯ ಪಂಚಾಯಿತಿ ಶುರುವಾಗುತ್ತದೆ. ಆದ್ದರಿಂದ ಅವಳು ಬಾಗಿಲು ಹಾಕಿಕೊಂಡು ಕುಡಿಯುತ್ತಾಳೆ, ಕಾಯಿಲೆ ಬಿದ್ದಾಗಲೂ ಕಾರಣ ಹೇಳುವುದಿಲ್ಲ.

ಹೆಣ್ಣಿನ ದೇಹದಲ್ಲಿ ನೀರಿನ ಪಾಲು ಕಡಿಮೆ. ಗಂಡಸಿನಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಸಾಂದ್ರತೆ ಹೆಚ್ಚುತ್ತದೆ, ಯಕೃತ್ತು ಗಂಡಸಿನದಕ್ಕಿಂತ ಬೇಗ ಕೆಡುತ್ತದೆ. ಕುಡಿಯಲು ಶುರುಮಾಡಿದ ದಿನಕ್ಕೂ ಅದಿಲ್ಲದೆ ಆಗದು ಎನ್ನುವ ದಿನಕ್ಕೂ ನಡುವಿನ ಅಂತರ ಹೆಂಗಸರಲ್ಲಿ ಕಿರಿದು ಎಂದು ವೈದ್ಯರು ಗುರುತಿಸಿದ್ದಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಗಂಡಸರಲ್ಲಿ ಶೇ 27.3, ಹೆಂಗಸರಲ್ಲಿ ಶೇ 1.6. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಮನೆಬಾಗಿಲಿಗೆ ಬಂದ ಅಪರಿಚಿತರ ಮುಂದೆ ‘ಹೌದು, ನಾನು ಕುಡಿಯುತ್ತೇನೆ’ ಎಂದು ಹೇಳುವ ಧೈರ್ಯ ಎಷ್ಟು ಹೆಂಗಸರಿಗಿದ್ದೀತು? ಆ 1.6ರ ಹಿಂದೆ ಬಾಯಿ ಬಿಡದವರು ಇನ್ನೆಷ್ಟೋ ಎಂದೇ ನನಗನ್ನಿಸುತ್ತದೆ.

ಮನೆಯ ವಿಷಯಕ್ಕೆ ಬರೋಣ. ಕುಡಿತ ನಿಲ್ಲಿಸಿದ ಮೊದಲ ದಿನಗಳು ಆಸ್ಪತ್ರೆಗೆ ಸೇರಿದ್ದು. ವರ್ಷಗಟ್ಟಲೆ ಕುಡಿದವರು ಥಟ್ಟನೆ ಬಿಟ್ಟರೆ ಕೈನಡುಕ, ಬೆವರು, ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದು ಕಾಣುವ ಸನ್ನಿ ಹಿಡಿದು ಜೀವಕ್ಕೇ ಕುತ್ತಾಗಬಹುದು. ನಿದ್ರೆಮಾತ್ರೆಯ ಪುಡಿ, ಸಿ.ಎಚ್. ಪೌಡರ್ ಬೆರೆಸಿದ ಕಲಬೆರಕೆ ಸೇಂದಿಯದು ಇನ್ನೂ ಕಷ್ಟ. ಪಕ್ಕದ ತೆಲಂಗಾಣದಲ್ಲಿ 2015ರಲ್ಲಿ ಇಂಥ ಸೇಂದಿಯ ಮೇಲೆ ಸರ್ಕಾರ ಬಿಗಿ ಮಾಡಿದಾಗ, ಅದು ಸಿಗದೆ ನರಳಿದವರು ಹೆಂಗಸರು ಗಂಡಸರೆನ್ನದೆ ಆಸ್ಪತ್ರೆಗಳಲ್ಲಿ ತುಂಬಿದ್ದರು. ಇದಕ್ಕೆಲ್ಲ ಡಾಕ್ಟರು ಬೇಕು, ಔಷಧ ಬೇಕು. ಅದು ವಾರ ಹತ್ತು ದಿನದ ಮಾತು. ಮೈಯಿಂದ ವಿಷ ಇಳಿದ ಮೇಲಿನ ತಿಂಗಳುಗಳನ್ನು ದಾಟಿಸುವುದು ಮನೆಯ ಕೆಲಸ.

ಇಂಥ ಮನೆಯನ್ನು ನಡೆಸುವ ಕ್ರಮವನ್ನು ಅಚ್ಚುಕಟ್ಟಾಗಿ ಕಟ್ಟಿದ್ದು 1975ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಶುರುವಾದ ಆಕ್ಸ್‌ಫರ್ಡ್ ಹೌಸ್. ಸಂಬಳದ ವಾರ್ಡನ್ ಇಲ್ಲ, ಕಾವಲುಗಾರನಿಲ್ಲ. ಬಾಡಿಗೆಯ ಸಾಮಾನ್ಯ ಮನೆ; ಹೆಂಗಸರ ಮನೆಯೇ ಬೇರೆ, ಗಂಡಸರದೇ ಬೇರೆ. ಆರು ಜನಕ್ಕೆ ಕಡಿಮೆಯಿಲ್ಲ. ಬಾಡಿಗೆ, ಕರೆಂಟು ಬಿಲ್ಲನ್ನು ಇರುವವರೇ ಸಮನಾಗಿ ಹಂಚಿಕೊಳ್ಳುತ್ತಾರೆ, ದುಡಿಯಲು ಹೊರಗೆ ಹೋಗಿ ಬರುತ್ತಾರೆ. ವಾರಕ್ಕೊಮ್ಮೆ ಎಲ್ಲರೂ ಕೂತು ಸಭೆ. ಅಧ್ಯಕ್ಷೆ, ಖಜಾಂಚಿ, ಕಾರ್ಯದರ್ಶಿ ಎಲ್ಲರೂ ಅವರಲ್ಲೇ ಆಯ್ಕೆಯಾದವರು, ಆರು ತಿಂಗಳಿಗೆ ಬದಲಾವಣೆ. ಹೊಸಬಳು ಬಂದರೆ ಅವಳೊಡನೆ ಮಾತಾಡಿ ಓಟು ಹಾಕುತ್ತಾರೆ. ನೂರಕ್ಕೆ ಎಂಬತ್ತು ಪಾಲು ಒಪ್ಪಿದರೆ ಒಂದು ಮಂಚ ಅವಳದು. ಇಷ್ಟೇ ದಿನ ಎಂಬ ಗಡುವಿಲ್ಲ. ಮತ್ತೆ ಕುಡಿದವಳು ಮಾತ್ರ ಆ ಮನೆ ಬಿಡಬೇಕು. ಕಠಿಣ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಒಂದು ಬಾಟಲಿ ಒಳಗೆ ಬಂದರೆ ಉಳಿದ ಐವರ ತಿಂಗಳುಗಳ ಶ್ರಮ ಅಲುಗುತ್ತದೆ. ಮಕ್ಕಳೊಂದಿಗೆ ಇರಬಹುದಾದ ತಾಯಂದಿರ ಮನೆಗಳೂ ಇವೆ. ‘ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂಬ ಒಂದೇ ಪ್ರಶ್ನೆಗೆ ಚಿಕಿತ್ಸೆಯನ್ನು ಕೈಬಿಡುವ ತಾಯಂದಿರ ಮಟ್ಟಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಹೆಂಗಸರದೇ ಮನೆ ಯಾಕೆ ಬೇಕು? 1935ರಲ್ಲಿ ಹುಟ್ಟಿದ, ಕುಡಿತ ಬಿಡಬಯಸುವವರ ಬಳಗವಾದ ಅಲ್ಕೊಹಾಲಿಕ್ಸ್ ಅನಾನಿಮಸ್‌ನ ಕೂಟಕ್ಕೆ ಮಾರ್ಟಿ ಮಾನ್ 1939ರಲ್ಲಿ ಹೋದಾಗ ಅದು ಹೆಚ್ಚುಕಮ್ಮಿ ಗಂಡಸರದೇ ಜಗತ್ತು. ಅಲ್ಲಿ ಉಳಿದು ಗುಣವಾದ ಮೊದಮೊದಲ ಹೆಂಗಸರಲ್ಲಿ ಆಕೆ ಒಬ್ಬಳು. ಮುಂದೆ 1944ರಲ್ಲಿ, ಕುಡಿತ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ ಎಂದು ಊರೂರಿಗೆ ಹೇಳುವ ಸಂಸ್ಥೆಯನ್ನೇ ಕಟ್ಟಿದಳು. 1975ರಲ್ಲಿ ಜೀನ್ ಕರ್ಕ್‌ಪ್ಯಾಟ್ರಿಕ್ ‘ವಿಮೆನ್ ಫಾರ್ ಸೊಬ್ರೈಟಿ’ ಆರಂಭಿಸಿದಾಗ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಅಹಂಕಾರ ಬಿಡು, ತಲೆ ತಗ್ಗಿಸು ಎಂಬ ಅನಾನಿಮಸ್ ಕೂಟದ ಪಾಠ ಗಂಡಸಿಗೆ ಹೊಂದೀತು. ಜೀವನವಿಡೀ ತಲೆ ತಗ್ಗಿಸಿಯೇ ಕೂತವಳಿಗೆ ಬೇಕಾದದ್ದು ತನ್ನ ಬೆಲೆ ತನಗೆ ತಿಳಿಯುವುದು ಎಂಬುದು ಆಕೆಯ ನಿಲುವು. ಬಾಗಿಲು ಹಾಕಿದ ಕೋಣೆಯಲ್ಲಿ, ಹೆಂಗಸರ ನಡುವೆ ಮಾತ್ರ ಬಾಯಿಗೆ ಬರುವ ಮಾತುಗಳಿವೆ. ಗಂಡನ ಹೊಡೆತ, ಮೈಮೇಲೆ ಬಿದ್ದ ಕೈ, ಹೊಟ್ಟೆಯಲ್ಲಿ ಕೂಸಿದ್ದಾಗಲೂ ಬಿಡಲಾಗದೆ ಕುಡಿದ ದಿನಗಳು. ಗಂಡಸರು ಕೂತ ಸಭೆಯಲ್ಲಿ ಇವು ಹೊರಬರುವುದು ಕಷ್ಟ.

ನಮ್ಮಲ್ಲಿ ಏನಿದೆ? ಇಳಕಲ್ಲಿನ ಮಹಾಂತ ಶಿವಯೋಗಿಗಳು ಹಣ ಧಾನ್ಯ ಬೇಡದೆ, ನಿಮ್ಮ ದುಶ್ಚಟವನ್ನೇ ಹಾಕಿ ಎಂದು ಮನೆ ಮನೆಯ ಮುಂದೆ ಜೋಳಿಗೆ ಹಿಡಿದರು. ಅವರ ಜನ್ಮದಿನ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಎಂಟು ದಿನಗಳ ಮದ್ಯವರ್ಜನ ಶಿಬಿರ ಈಗ ನಾಡಿನ ಮೂಲೆಮೂಲೆಗೂ ಗೊತ್ತು. ಶಿಬಿರ ಮುಗಿದವರು ನವಜೀವನ ಸಮಿತಿ ಎಂದು ಗುಂಪುಕಟ್ಟಿ ಸೇರುತ್ತಾರೆ, ನೂರು ದಿನ ದಾಟಿದರೆ ಶತದಿನೋತ್ಸವ. ನೂರನೆಯ ದಿನಕ್ಕೂ ಹಬ್ಬ ಮಾಡಬೇಕು ಎಂದು ಕಂಡುಕೊಂಡವರಿಗೆ ಈ ಕಾಯಿಲೆಯ ನಾಡಿ ಚೆನ್ನಾಗಿ ಗೊತ್ತಿದೆ. ಆದರೆ ಶಿಬಿರದ ಚಾಪೆಯ ಮೇಲೆ ಕೂತವರು ಬಹುಮಟ್ಟಿಗೆ ಗಂಡಸರು. ಹೆಂಗಸು ಅಲ್ಲಿಗೆ ಬರುವುದು ಕುಡುಕನ ಹೆಂಡತಿಯಾಗಿ, ಕಣ್ಣೊರೆಸಿಕೊಳ್ಳುತ್ತ. ಹೆಂಗಸರ ಹೋರಾಟದ್ದೂ ಇದೇ ಕತೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳುತ್ತ ಸಾವಿರಾರು ಹೆಂಗಸರು ನಡೆದರು. ಆ ನಡಿಗೆಗೆ ನನ್ನ ಗೌರವ ದೊಡ್ಡದು. ಆದರೂ ಆ ಸಾಲಿನಲ್ಲಿ ತಾನೇ ಕುಡಿತಕ್ಕೆ ಸಿಕ್ಕಿಬಿದ್ದವಳೊಬ್ಬಳು ಇದ್ದಿದ್ದರೆ ಪಕ್ಕದವಳಿಗೆ ಹೇಳಿಕೊಳ್ಳಲು ಆಗುತ್ತಿತ್ತೇ ಎಂದು ಯೋಚಿಸುತ್ತೇನೆ.

ಇನ್ನು ಬಳ್ಳಾರಿಯ ಒಂದು ಹೆಮ್ಮೆಯನ್ನು ಇಲ್ಲಿ ನೆನೆಯಲೇಬೇಕು. ಮನೋರೋಗಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದರೆ ಊರಲ್ಲೇ ನೋಡಬಹುದು ಎಂದು ನಿಮ್ಹಾನ್ಸ್ ಪ್ರಯೋಗ ಮಾಡಿ ತೋರಿಸಿದ್ದು ಈ ಜಿಲ್ಲೆಯಲ್ಲಿ, 1985ರಿಂದ 1990ರವರೆಗೆ. ಅದೇ ‘ಬಳ್ಳಾರಿ ಮಾದರಿ’ಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಅಂದಿನ ಒತ್ತು ತೀವ್ರ ಮನೋರೋಗ ಮತ್ತು ಮೂರ್ಛೆರೋಗದ ಮೇಲಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ತೊಂದರೆಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಹಾಗಾಗಿ ಮರ್ಯಾದೆಯಿಂದ ಚಿಕಿತ್ಸೆ ಕೇಳುವುದು ಕುಡಿಯುವ ಹೆಂಗಸಿನ ಹಕ್ಕು. ಸಂಕೋಚವಾದರೆ 14416ಕ್ಕೆ ಕರೆ ಮಾಡಬಹುದು, ಅದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್. ವ್ಯಸನಕ್ಕೆಂದೇ ಇರುವ ಉಚಿತ ಸಹಾಯವಾಣಿ 14446.

ಮನೆಯೊಂದು ಉಳಿಯಿತಲ್ಲ. ಆಕ್ಸ್‌ಫರ್ಡ್ ಹೌಸಿನ ಕ್ರಮವನ್ನು ಓದುವಾಗ ನನಗೆ ಪದೇ ಪದೇ ಕಣ್ಣಮುಂದೆ ಬಂದದ್ದು ನಮ್ಮ ಸಂಘದ ಹೆಂಗಸರು. ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂದ ಮೇಲೆ ಹಳ್ಳಿಹಳ್ಳಿಯ ಗುಡಿಕಟ್ಟೆಯಲ್ಲಿ, ಅಂಗನವಾಡಿಯಲ್ಲಿ ವಾರದ ಸಭೆ ಕೂಡಿದವರು ಅವರು. ಹತ್ತಿಪ್ಪತ್ತು ಜನ, ಒಂದು ಉಳಿತಾಯದ ಪುಸ್ತಕ, ಒಂದು ಠರಾವು ಪುಸ್ತಕ, ಸರದಿಯ ಮೇಲೆ ಮುಖಂಡತ್ವ, ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಮನೆಗೆ ಹೋಗಿ ಕೇಳುವುದು. ಓದು ಬಾರದವರೂ ಸಹಿ ಕಲಿತು ಇದನ್ನು ನಡೆಸಿದ್ದಾರೆ. ಹೊರಗಿನವರ ಕಾವಲಿಲ್ಲದೆ, ಪರಸ್ಪರ ಭರವಸೆಯ ಮೇಲೆ ಒಂದು ಮನೆ ನಡೆಸಲು ಬೇಕಾದ ವಿದ್ಯೆ ಇಷ್ಟೇ. ಸಿರುಗುಪ್ಪದ ಹೆಂಗಸರಿಗೆ ಅದನ್ನು ಯಾರೂ ಬಂದು ಕಲಿಸಬೇಕಿಲ್ಲ.

ಅಮೆರಿಕದ ಈ ಮನೆಗಳು ಹಬ್ಬಿದ್ದು 1988ರ ಒಂದು ಕಾನೂನಿನಿಂದ. ಹೊಸ ಮನೆ ಹೂಡಲು ಸುತ್ತುನಿಧಿಯಿಂದ 4,000 ಡಾಲರ್‌ವರೆಗೆ ಸಾಲ ಸಿಗುತ್ತಿತ್ತು, ಇರುವವರೇ ಎರಡು ವರ್ಷದಲ್ಲಿ ಕಂತಿನ ಮೇಲೆ ತೀರಿಸಬೇಕಿತ್ತು, ತೀರಿದ ಹಣ ಇನ್ನೊಂದು ಮನೆಗೆ. ನಮ್ಮಲ್ಲೂ ಅಂಥದೇ ಒಂದು ಆರಂಭ ಸಾಕು: ಸಿರುಗುಪ್ಪದಲ್ಲೋ ಬಳ್ಳಾರಿಯಲ್ಲೋ, ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ, ಮೂರು ಕೋಣೆಯ ಒಂದು ಬಾಡಿಗೆ ಮನೆ. ಬಚ್ಚಲು, ನೀರು, ಮಕ್ಕಳು ಮಲಗಲು ಒಂದಿಷ್ಟು ಜಾಗ. ಮುಂಗಡದ ಹಣ, ಮೊದಲ ಮೂರು ತಿಂಗಳ ಬಾಡಿಗೆ ಯಾರಾದರೂ ಸಾಲವಾಗಿ ಕೊಟ್ಟರೆ ಸಾಕು. ಕಂತಿನ ಲೆಕ್ಕ ಬರೆಯುವ ಪುಸ್ತಕ ಸಂಘದ ಹೆಂಗಸರ ಬಳಿ ಆಗಲೇ ಇದೆ.