ವಿದ್ಯಾಮಂದಿರದ ಬಾಗಿಲಲ್ಲಿ ಸ್ತ್ರೀಯರು

ಸಾಗರ ಸೀಮೆಯ ಹೆಗ್ಗೋಡು ಅಡಕೆಯ ತೋಟಗಳ ನಡುವಣ ಒಂದು ಸಣ್ಣ ಗ್ರಾಮ. ೧೯೪೯ರಲ್ಲಿ ಅಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘದ ಹೆಸರನ್ನು ಕೇಳದ ಕನ್ನಡಿಗರು ವಿರಳ. ದೂರದೇಶಗಳ ನಾಟಕಗಳು ಕನ್ನಡದ ಮಾತನ್ನು ಧರಿಸಿ ಈ ಗ್ರಾಮದ ರಂಗಕ್ಕೆ ಬಂದಿವೆ. ೧೯೮೦ರಲ್ಲಿ ಮೊದಲಾದ ಅಲ್ಲಿನ ರಂಗಶಿಕ್ಷಣ ಕೇಂದ್ರದಲ್ಲಿ ತರುಣರೊಡನೆ ತರುಣಿಯರೂ ಕುಳಿತು ಪಾಠ ಕೇಳುತ್ತಾರೆ. ಇದರಲ್ಲಿ ಅಚ್ಚರಿಯೇನೆಂದು ವಾಚಕರು ಕೇಳಬಹುದು. ಆದರೆ ಆ ನಾಟಕಕಲೆಯು ಮಹೋನ್ನತಿಯನ್ನು ಪಡೆದ ಪ್ರಾಚೀನ ಅಥೆನ್ಸ್ ನಗರದಲ್ಲಿ ರಾಣಿಯ ವೇಷವನ್ನು ಧರಿಸುತ್ತಿದ್ದವರೂ ಗಂಡಸರೇ. ಗುರುವಿನ ಮನೆಗೆ ಓದಲು ಹೋಗುತ್ತಿದ್ದವರೂ ಗಂಡುಮಕ್ಕಳೇ.

ಆ ನಗರದ ಗೃಹಸ್ಥರು ಹೆಣ್ಣುಮಕ್ಕಳನ್ನು ಹೇಗೆ ಬೆಳೆಸುತ್ತಿದ್ದರೆಂಬುದಕ್ಕೆ ಕ್ಸೆನೊಫನ್ ಎಂಬ ಗ್ರಂಥಕರ್ತನು ಗೃಹಕೃತ್ಯವನ್ನು ಕುರಿತು ಬರೆದ ಸಂವಾದವೇ ಸಾಕ್ಷಿ. ಅದರಲ್ಲಿ ಇಸ್ಕೊಮಾಕಸನೆಂಬ ಗೃಹಸ್ಥನು ತನ್ನ ಪತ್ನಿಯು ಹದಿನೈದು ತುಂಬುವ ಮೊದಲೇ ಮನೆಗೆ ಬಂದಳೆಂದೂ, ಆದಷ್ಟು ಕಡಿಮೆ ನೋಡಿ, ಕಡಿಮೆ ಕೇಳಿ, ಕಡಿಮೆ ಪ್ರಶ್ನಿಸುವಂತೆ ತವರಿನವರು ಆಕೆಯನ್ನು ಬೆಳೆಸಿದ್ದರೆಂದೂ ಹೇಳುತ್ತಾನೆ. ಆಕೆಗೆ ಕಲಿಸಲು ಈತನು ಹಿಂಜರಿಯಲಿಲ್ಲ. ಆದರೆ ಕಲಿಸಿದ್ದೇನನ್ನು? ಉಗ್ರಾಣವನ್ನು ಒಪ್ಪವಾಗಿಡುವುದನ್ನು, ಪಾತ್ರೆಪದಾರ್ಥಗಳನ್ನು ಅದರದರ ಸ್ಥಾನದಲ್ಲಿ ಜೋಡಿಸುವುದನ್ನು, ಆಳುಕಾಳುಗಳ ಮೇಲ್ವಿಚಾರಣೆಯನ್ನು. ಇವು ಬೇಡದ ವಿಷಯಗಳಲ್ಲ. ಆದರೆ ಅಲ್ಲಿಗೇ ವಿದ್ಯೆ ಮುಗಿದುಹೋಗಿತ್ತು.

ಕ್ರಿ. ಪೂ. ೩೮೭ರ ಸುಮಾರಿಗೆ ವಿದ್ಯಾಪೀಠವನ್ನು ಸ್ಥಾಪಿಸಿದ ಪ್ಲೇಟೋ ಮಹಾಶಯನು ಇದಕ್ಕೆ ಭಿನ್ನವಾಗಿ ಚಿಂತಿಸಿದನು. ರಾಜ್ಯವನ್ನು ಕಾಯತಕ್ಕ ಸ್ತ್ರೀಪುರುಷರಿಗೆ ಒಂದೇ ಬಗೆಯ ಶಿಕ್ಷಣವಾಗಬೇಕೆಂದು ಆತನ 'ರಿಪಬ್ಲಿಕ್' ಗ್ರಂಥದಲ್ಲಿ ವಾದಿಸಿದೆ. ಆತನ ಶಿಷ್ಯರಲ್ಲಿ ಲಸ್ಥೇನಿಯಾ ಮತ್ತು ಆಕ್ಸಿಯೋಥಿಯಾ ಎಂಬ ಇಬ್ಬರು ಸ್ತ್ರೀಯರ ಹೆಸರು ಉಳಿದುಬಂದಿದೆ. ಇಬ್ಬರೂ ಅಥೆನ್ಸಿನವರಲ್ಲ, ಹೊರ ಊರುಗಳಿಂದ ಬಂದವರು. ಆಕ್ಸಿಯೋಥಿಯಾ ಪುರುಷರ ಉಡುಪನ್ನು ಧರಿಸುತ್ತಿದ್ದಳೆಂದು ಹಿಂದಿನವರು ಬರೆದಿದ್ದಾರೆ. ವೈದ್ಯವಿದ್ಯೆಗಾಗಿ ಕೂದಲನ್ನು ಕತ್ತರಿಸಿ ಗಂಡುವೇಷ ತೊಟ್ಟ ಅಗ್ನೋದಿಕೆಯ ವೃತ್ತಾಂತವೂ ಒಂದುಂಟು. ಅದನ್ನು ಚರಿತ್ರೆಯೆನ್ನುವುದಕ್ಕಿಂತ ಕಥೆಯೆನ್ನುವುದೇ ಯುಕ್ತ. ಆದರೆ ಹೆಣ್ಣು ಹೆಣ್ಣಾಗಿಯೇ ಹೋಗಿ ಕಲಿತಳೆಂದರೆ ಕೇಳುವವರು ನಂಬದ ಕಾಲದಲ್ಲಿಯೇ ಇಂತಹ ಕಥೆ ಹುಟ್ಟುವುದು ಸಾಧ್ಯ.

ನಮ್ಮ ನಾಡಿನ ಸ್ಥಿತಿಯೇನಿದ್ದಿತು? ಹದಿನೇಳನೆಯ ಶತಮಾನದ ಕೊನೆಯಲ್ಲಿ ಕೆಳದಿಯ ಸಿಂಹಾಸನದ ಮೇಲೆ ಚೆನ್ನಮ್ಮಾಜಿಯು ಕುಳಿತು ಮಲೆನಾಡನ್ನು ಆಳಿದಳು. ೧೬೮೯ರಲ್ಲಿ ಮೊಗಲರ ಕೋಪವನ್ನೂ ಲೆಕ್ಕಿಸದೆ ಶಿವಾಜಿಯ ಪುತ್ರನಾದ ರಾಜಾರಾಮನಿಗೆ ಆಶ್ರಯವಿತ್ತಳು. ಹೆಣ್ಣಿಗೆ ರಾಜ್ಯವಾಳುವ ಶಕ್ತಿಯಿದೆಯೆಂಬುದಕ್ಕೆ ಬೇರೆ ಪ್ರಮಾಣವು ಬೇಕಿರಲಿಲ್ಲ. ಆದರೂ ಸಾಮಾನ್ಯರ ಮನೆಯ ಹುಡುಗಿಗೆ ಓಲೆಯನ್ನು ಮುಟ್ಟುವ ಭಾಗ್ಯವು ಅದರಿಂದ ಬರಲಿಲ್ಲ.

ಅದೇ ಕಾಲದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಯಳಂದೂರಿನ ಹೊನ್ನಮ್ಮನು ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದಳು. ರಾಣಿ ದೇವಾಜಮ್ಮಣ್ಣಿಯು ಆಕೆಯ ಬುದ್ಧಿಯನ್ನು ಗುರುತಿಸಿದಳು. ಆಸ್ಥಾನದ ವಿದ್ವಾಂಸನಾದ ಸಿಂಗರಾರ್ಯನು ಗುರುವಾದನು. ಸಂಚಿಯನ್ನು ಹಿಡಿದ ಕೈ ಕಂಠವನ್ನೂ ಹಿಡಿಯಿತು. ಸಾಂಗತ್ಯದಲ್ಲಿ ಆಕೆ ರಚಿಸಿದ 'ಹದಿಬದೆಯ ಧರ್ಮ'ವು ಪತಿವ್ರತೆಯ ನಡತೆಯನ್ನು ಬೋಧಿಸುವ ಗ್ರಂಥ. ಆ ವಿಷಯದ ಎಲ್ಲೆಯೊಳಗಿದ್ದುಕೊಂಡೇ ಆಕೆ, ಮಗನೆಂದರೆ ಹಿಗ್ಗಿ ಮಗಳೆಂದರೆ ಕುಗ್ಗುವವರನ್ನು ವಿವೇಕವಿಲ್ಲದವರೆಂದು ಹಳಿದಳು. ಅಕ್ಷರವನ್ನು ಕಲಿತ ಹೆಣ್ಣು ಕೊಟ್ಟ ಪಾಠವನ್ನು ಒಪ್ಪಿಸುವುದರೊಡನೆ ತನ್ನ ಮಾತನ್ನೂ ಒಂದಿಷ್ಟು ಸೇರಿಸುವಳೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.

ಇನ್ನೂರು ವರ್ಷಗಳ ತರುವಾಯ, ೧೮೮೭ರಲ್ಲಿ, ನಂಜನಗೂಡಿನಲ್ಲಿ ತಿರುಮಲಾಂಬೆಯು ಜನಿಸಿದಳು. ಹತ್ತನೆಯ ವಯಸ್ಸಿನಲ್ಲಿ ವಿವಾಹ, ಹದಿನಾಲ್ಕರಲ್ಲಿ ವೈಧವ್ಯ. ಆಗಿನ ಸಮಾಜದಲ್ಲಿ ಅಂತಹ ಬಾಲೆಯ ಬಾಳು ಅಡುಗೆಮನೆಯ ಮೂಲೆಯಲ್ಲಿ ಮುಗಿಯತಕ್ಕದ್ದು. ಆದರೆ ವಕೀಲರಾಗಿದ್ದ ತಂದೆ ವೆಂಕಟಕೃಷ್ಣಯ್ಯಂಗಾರ್ಯರು ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ೧೯೧೩ರಲ್ಲಿ ಆಕೆ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿ 'ಸುಶೀಲೆ' ಎಂಬ ತನ್ನ ಕಾದಂಬರಿಯನ್ನು ಪ್ರಕಟಿಸಿದಳು. ಮುಂದೆ 'ಕರ್ನಾಟಕ ನಂದಿನಿ' ಮಾಸಪತ್ರಿಕೆಯನ್ನು ನಡೆಸಿದಳು. ಗಣಿತ ತತ್ತ್ವಶಾಸ್ತ್ರಗಳಲ್ಲಿ ಖ್ಯಾತಳಾಗಿ ೪೧೫ರಲ್ಲಿ ಉದ್ರಿಕ್ತ ಗುಂಪಿನ ಕೈಯಲ್ಲಿ ಮಡಿದ ಅಲೆಕ್ಸಾಂಡ್ರಿಯದ ಹೈಪೇಷಿಯಾಳಿಗೂ ತಂದೆ ಥಿಯೋನನೇ ಗುರು. ದೇಶಕಾಲಗಳು ಬೇರೆಯಾದರೂ ಬಾಗಿಲನ್ನು ತೆರೆದ ಕೈ ಒಂದೇ ಬಗೆಯದು.

ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಒಬ್ಬಳಿಗೆ ರಾಣಿಯ ಕೃಪೆ, ಮತ್ತೊಬ್ಬಳಿಗೆ ತಂದೆಯ ವಾತ್ಸಲ್ಯ, ಇನ್ನೊಬ್ಬಳಿಗೆ ಗುರುವಿನ ಔದಾರ್ಯ. ಅಂತಹ ರಾಣಿಯೂ ತಂದೆಯೂ ಗುರುವೂ ದೊರೆಯದವರ ಗತಿಯೇನು? ನಮ್ಮ ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಹಸೆಚಿತ್ತಾರವನ್ನು ಬರೆಯುವುದನ್ನು ನೋಡಿದವರು, ಆ ಎಳೆಗಳ ಲೆಕ್ಕಕ್ಕೂ ಒಪ್ಪಕ್ಕೂ ಬೆರಗಾಗದಿರರು. ಅಷ್ಟು ನಿಪುಣವಾದ ಕೈಗೆ ಅಕ್ಷರವು ಕಷ್ಟವಾಗುತ್ತಿತ್ತೆ? ಕೊಡುವವರಿರಲಿಲ್ಲ, ಅಷ್ಟೆ. ವ್ಯಕ್ತಿಯ ದಯೆಯಿಂದ ಒಬ್ಬಿಬ್ಬರು ಒಳಗೆ ಬಂದಾರು. ನೂರಾರು ಮಂದಿ ಬರಬೇಕಾದರೆ ಶಾಲೆಯೇ ಬೇಕು. ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆಯು ತೆರೆದುದರ ಮಹತ್ವವು ಇದೇ.

ಇಂದು ಶಾಲೆಗಳಿವೆ; ಮಲೆನಾಡಿನ ಹುಡುಗಿಯರು ಮಳೆಯಲ್ಲಿ ಸಂಕವನ್ನು ದಾಟಿಯಾದರೂ ಹೋಗುತ್ತಾರೆ. ಹಾಗಾದರೆ ಬಾಗಿಲು ಪೂರ್ತಿಯಾಗಿ ತೆರೆಯಿತೆ? ಓದುಗರು ತಮ್ಮ ತಮ್ಮ ಮನೆಯನ್ನೇ ಒಂದು ಸಂಜೆ ಪರೀಕ್ಷಿಸಿ ನೋಡಲಿ. ಪುಸ್ತಕ ಹಿಡಿದ ಮಗನನ್ನು ಕೂಗುವಾಗ ನಾವು ಹಿಂದುಮುಂದು ನೋಡುತ್ತೇವೆ. ಪುಸ್ತಕ ಹಿಡಿದ ಮಗಳನ್ನು ಕೂಗುವಾಗ ನೋಡುವುದಿಲ್ಲ. ಮನೆಯ ಗೃಹಿಣಿಗಂತೂ ಎಲ್ಲರ ಊಟವಾಗಿ ಪಾತ್ರೆಗಳು ಬೆಳಗಿದ ಮೇಲೆ, ಕಣ್ಣು ಮುಚ್ಚುವ ಹೊತ್ತಿಗೆ ಪುಸ್ತಕ. ಆಕೆಗೆ ದಿನಕ್ಕೊಂದು ಗಂಟೆಯನ್ನು, ಯಾರೂ ಕರೆಯದ ಒಂದು ಗಂಟೆಯನ್ನು, ಮನೆಯವರೆಲ್ಲರೂ ಸೇರಿ ಬಿಟ್ಟುಕೊಡುವುದಕ್ಕೆ ಹಣವು ಬೇಡ, ಕಾನೂನು ಬೇಡ. ಇಸ್ಕೊಮಾಕಸನ ಮನೆಯಲ್ಲಿ ಎಲ್ಲ ಪದಾರ್ಥಗಳಿಗೂ ತಕ್ಕ ಸ್ಥಾನವಿದ್ದಿತು. ಪತ್ನಿಯ ಪುಸ್ತಕಕ್ಕೆ ಇರಲಿಲ್ಲ. ನಮ್ಮ ಮನೆಗಳಲ್ಲಿ ಅದೊಂದು ಸ್ಥಾನವು ಇರಲಿ.