ಆಲ್ಬಮಿನಲ್ಲಿ ಇಲ್ಲದ ಫೋಟೊ

ನಿಮ್ಮ ಮನೆಯ ಆಲ್ಬಮನ್ನು ಒಮ್ಮೆ ತೆರೆದು ನೋಡಿ. ಮದುವೆ, ಜ್ಞಾನಸ್ನಾನ, ಮೊದಲ ಪರಮಪ್ರಸಾದ, ಊರ ಹಬ್ಬ, ಎಲ್ಲವೂ ಇವೆ. ಆದರೆ ಅಪ್ಪ ದುಡಿಯುತ್ತಿರುವ, ಅಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತಿರುವ ಒಂದು ಚಿತ್ರವಾದರೂ ಇದೆಯೇ? ತಿರುಪ್ಪೂರಿನ ನಮ್ಮ ಮನೆಯಲ್ಲಂತೂ ಇರಲಿಲ್ಲ. ಊರಿಗೆ ಊರೇ ಬನಿಯನ್ ಹೊಲಿದು ಬದುಕುತ್ತಿದ್ದರೂ!

ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಅವರನ್ನು ಓದುಗರಲ್ಲಿ ಹಲವರು ಬಲ್ಲಿರಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸಾಮಾನ್ಯರ ದಿನನಿತ್ಯದ ಬದುಕೇ ಅವರ ವಸ್ತು. ಅದನ್ನು ನೋಡಿಯೇ ನಾವೂ ಒಂದು ಸಣ್ಣ ಕ್ಯಾಮೆರಾ ಹಿಡಿದು ಹೊರಟೆವು.

ಮೊದಲ ದಿನವೇ ಎಡವಿದೆವು. ಯಾರನ್ನೂ ಕೇಳದೆ ಒಂದು ಹೊಲಿಗೆ ಘಟಕದ ಬಾಗಿಲಲ್ಲಿ ನಿಂತು ಕ್ಲಿಕ್ಕಿಸಿದೆವು. ಹೆಣ್ಣುಮಕ್ಕಳು ದುಪಟ್ಟಾದಿಂದ ಮುಖ ಮುಚ್ಚಿಕೊಂಡರು. ತಪಾಸಣೆಯವರೆಂದು ಮೇಸ್ತ್ರಿ ಗಾಬರಿಯಾದ. ತಪ್ಪು ನಮ್ಮದೇ. ಅವರೆದುರಿಗೇ ಚಿತ್ರಗಳನ್ನು ಅಳಿಸಿದೆವು. ಅಂದಿನಿಂದ ಮೊದಲು ಮಾತು, ಆಮೇಲೆ ಕ್ಯಾಮೆರಾ.

ಹಾಗೆ ಕಂಡದ್ದೆಷ್ಟು! ದುಂಡು ಯಂತ್ರದಿಂದ ಕೊಳವೆಯಂತೆ ಇಳಿಯುವ ಬಟ್ಟೆ, ಅದನ್ನು ಪದರ ಪದರವಾಗಿ ಹಾಸಿ ಕತ್ತರಿಸುವ ಕಟಿಂಗ್ ಮಾಸ್ಟರ್, ಓವರ್‌ಲಾಕ್ ಯಂತ್ರಗಳ ಸಾಲು, ಬೆಳಕಿಗೆ ಹಿಡಿದು ತೂತು ಹುಡುಕುವ ಹೆಂಗಸರು, ಶನಿವಾರ ಸಂಜೆ ವಾರದ ಕೂಲಿ ಎಣಿಸುವ ಕೈಗಳು. ನೊಯ್ಯಲ್ ನದಿಯನ್ನೂ ತೆಗೆದೆವು. ಅದು ಎಷ್ಟು ಕೆಟ್ಟಿತ್ತೆಂದರೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಇಲ್ಲಿನ ಬಣ್ಣದ ಘಟಕಗಳನ್ನೇ ಮುಚ್ಚಿಸಬೇಕಾಯಿತು. ನದಿಯನ್ನು ಬಿಟ್ಟು ಬರೀ ಬನಿಯನ್ ತೋರಿಸುವುದು ನಮಗೆ ಸರಿ ಕಾಣಲಿಲ್ಲ.

ಒಮ್ಮೆ ಕೊಯಮತ್ತೂರು ಜಿಲ್ಲೆಯ ಸಿರುಮುಗೈಗೂ ಹೋದೆವು. ಮಗ್ಗದ ಸದ್ದಿನ ನಡುವೆ ಕಿವಿಗೆ ಬಿದ್ದದ್ದು ಕನ್ನಡ! ತಮಿಳು ಬೆರೆತ ಆ ಕನ್ನಡ ಅಲ್ಲಿನ ದೇವಾಂಗ ನೇಕಾರರ ಮನೆಮಾತು. ಮಂದ ಬೆಳಕಿನಲ್ಲಿ ಲಾಳಿ ಬರಿಯ ಗೆರೆಯಾಗಿ ಬಂತು. ಸೀರೆಯ ಫೋಟೊ ತೆಗೆಯಿರಿ, ನನ್ನದೇಕೆ ಎಂದು ಹಿರಿಯರೊಬ್ಬರು ನಕ್ಕರು. ನಮಗೆ ಬೇಕಾಗಿದ್ದದ್ದು ಅವರೇ.

ತೆಗೆದ ಪ್ರತಿ ಚಿತ್ರದ ಒಂದು ಪ್ರತಿಯನ್ನು ಅದರಲ್ಲಿರುವವರಿಗೆ ಕೊಡುವುದು ನಮ್ಮ ರೂಢಿ. ಒಡಿಶಾದಿಂದ ಬಂದ ಹೊಲಿಗೆಯ ಹುಡುಗಿಯೊಬ್ಬಳಿಗೆ ಕೊಟ್ಟಾಗ ಅವಳ ಮುಖ ಸಣ್ಣದಾಯಿತು. ತಲೆಗೂದಲ ತುಂಬ ಹತ್ತಿಯ ಧೂಳಿತ್ತು. ಊರಲ್ಲಿರುವ ಅಮ್ಮನಿಗೆ ಕಳುಹಿಸಲು ಚೆಂದದ್ದೊಂದು ಬೇಕೆಂದಳು. ರಜೆಯ ಭಾನುವಾರ ತಲೆ ಬಾಚಿ, ಹೊಸ ಚೂಡಿದಾರ್ ತೊಟ್ಟು ಬಾಡಿಗೆ ಕೋಣೆಯ ಮುಂದೆ ನಿಂತಳು. ಅದನ್ನೂ ತೆಗೆದುಕೊಟ್ಟೆವು.

ತಿಂಗಳ ನಂತರ ಸಿಕ್ಕಳು. ಅಮ್ಮ ಗೋಡೆಗೆ ಅಂಟಿಸಿಕೊಂಡದ್ದು ಯಂತ್ರದ ಮುಂದಿನ ಫೋಟೊವನ್ನಂತೆ.